ಕಡಲ ಸೇತುವೆಯ ಮೇಲೆ ರಿವರ್ಸ್ ಗೇರ್

ಅಲೆಯೂರು, ಮಂಗಳೂರು ಕಡಲು
ಫೆಬ್ರವರಿ ೩೦, ೨೩೧೨

ನನ್ನ ಮುತ್ತಜ್ಜಿಯ ಮುತ್ತಜ್ಜಿಯವರಿಗೆ,

ಮಂದಾರೆಯ ನಮಸ್ಕಾರಗಳು. ನಿಮ್ಮ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ, ಬೇಸರಿಸಬೇಡಿ. ತಾರೀಖು ನೋಡಿ ಗಾಬರಿಯೂ ಬೇಡ. ಪಾಪ, ಫೆಬ್ರವರಿಗೂ ಈಗ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಮಾತುಗಳು ವಿಚಿತ್ರ ಅನ್ನಿಸಿದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ಅಲೆಯೂರು ಅಂದರೆ ನೀರಿನ ಮೇಲೆ ತೇಲುವ ಊರು. ಮಂಗಳೂರಿನಿಂದ ಒಮಾನಿನವರೆಗೆ ಇಂಥ ಊರುಗಳನ್ನು ಪೋಣಿಸಿಕೊಂಡು ಒಂದು ಸೇತುವೆ ಹೋಗುತ್ತದೆ. ನಡುಗಡಲಲ್ಲಿ ಗಡಿ, ಗಡಿಗೊಂದು ಗೇಟು. ನಮ್ಮಲ್ಲಿ ತೆಂಗು ತೊಟ್ಟಿಯಲ್ಲಿ ಬೆಳೆಯುತ್ತದೆ, ಕೋರಿ ರೊಟ್ಟಿ ಇನ್ನೂ ಇದೆ, ಒಗೆದ ಬಟ್ಟೆ ಮಾತ್ರ ಸದಾ ಉಪ್ಪುಪ್ಪು. ಓಡಾಟಕ್ಕೆ ತನ್ಬಂಡಿ, ಕೂತರೆ ತಾನೇ ಹೋಗುತ್ತದೆ, ದಾರಿಯುದ್ದಕ್ಕೂ ಬುದ್ಧಿವಾದ ಬೇರೆ. ನಿಮ್ಮ ಕಾಲದಂಥ, ಸ್ಟೀರಿಂಗ್ ಇರುವ ಕಾರಿಗೆ ನಾವು ಹಿಡಿಬಂಡಿ ಎನ್ನುತ್ತೇವೆ. ಅದನ್ನು ಓಡಿಸುವ ಹುಚ್ಚರು ಎರಡೂ ದೇಶಗಳಲ್ಲಿದ್ದೇವೆ. ವರ್ಷಕ್ಕೊಮ್ಮೆ ನಮ್ಮ ರ‍್ಯಾಲಿಗೆಂದು ಗೇಟು ತೆರೆಯುತ್ತದೆ. ನಾವು ಆಚೆಗೆ, ಅವರು ಈಚೆಗೆ, ಸಂಜೆಯೊಳಗೆ ಎಲ್ಲರೂ ವಾಪಸ್. ಕಾರಿಗೆ ಒಬ್ಬರೇ. ಒಂದು ಕಾರು ಇನ್ನೊಂದಕ್ಕೆ ತಾಗಿದರೂ ಗೇಟು ಕಾಯಂ ಬಂದ್.

ನನಗೆ ಗೆಲ್ಲುವ ಆಸೆಯೇನೂ ಇರಲಿಲ್ಲ. ತಂಗಿ ತುಂಗಾ ಮದುವೆಯಾಗಿ ಗಡಿಯಾಚೆ ಹೋದವಳು. ಹೋದ ವರ್ಷ ಅವಳಿಗೆ ಹೆಣ್ಣು ಮಗುವಾಯಿತು. ಅಮ್ಮನಿಗೆ ಮೊಮ್ಮಗಳನ್ನು ಒಮ್ಮೆ ಎತ್ತಿಕೊಳ್ಳಬೇಕಿತ್ತು. ಅದು ಆಗುವ ಮಾತಲ್ಲವೆಂದು ಗೊತ್ತಿದ್ದರಿಂದ, "ನೀನಾದ್ರೂ ಎತ್ತಿಕೊಂಡು ಬಾ ಮಗಾ, ನಿನ್ನ ಕೈ ಮೂಸಿ ನೋಡ್ತೇನೆ" ಎಂದಳು. ನನಗೆ ಕಣ್ಣು ತುಂಬಿ ಬಂತು.

ನಾವು ಎಡಗಡೆ ಓಡಿಸುವವರು, ಅವರು ಬಲಗಡೆ. ಗಡಿ ಬಂತೆಂದು ನಾವೆಲ್ಲ ಅವರಿಗೆ ಮರ್ಯಾದೆ ಕೊಟ್ಟು ಬಲಕ್ಕೆ ಸರಿದೆವು. ಅವರೂ ನಮಗೆ ಮರ್ಯಾದೆ ಕೊಟ್ಟು ಎಡಕ್ಕೆ ಸರಿದರು. ಬ್ರೇಕ್ ತುಳಿದು ಕಣ್ಣು ಬಿಟ್ಟರೆ ಎದುರಿಗೆ ಒಂದು ಹಳದಿ ಕಾರು, ನಡುವೆ ಒಂದು ಗೇಣು ಜಾಗ. ತಪ್ಪು ತಿದ್ದಲೆಂದು ಎರಡೂ ಕಡೆಯ ಹಿಂದಿನವರು ಒಟ್ಟಿಗೇ ಇನ್ನೊಂದು ಬದಿಗೆ ಹೊರಳಿದರು, ಅಲ್ಲೂ ಮೂಗಿಗೆ ಮೂಗು. ಯಾರು ಹಿಂದೆ ಸರಿದರೂ ಅವರಿಗೆ ಈ ವರ್ಷ ದಾಟುವ ಹೊತ್ತು ಉಳಿಯುತ್ತಿರಲಿಲ್ಲ. ಆದರೂ ನಾವೇ ಸರಿಯುತ್ತೇವೆಂದು ನಾವು, ಇಲ್ಲ ನಾವೇ ಎಂದು ಅವರು. ಮರ್ಯಾದೆಯಲ್ಲೇ ಮಧ್ಯಾಹ್ನ ಕಳೆಯಿತು. ನಾನು ಹಲ್ಲು ಕಡಿಯುತ್ತ ಕೂತಿದ್ದೆ.

ಕೊನೆಗೆ ಹಳದಿ ಕಾರಿನಿಂದ ಸಾಲಿಮಾ ಎಂಬ ದಪ್ಪನೆಯ ಹೆಂಗಸು ಇಳಿದು ಬಂದಳು. ಅಲೆಯೂರಿನವರಿಗೆ ಆಚೀಚೆಯ ಭಾಷೆ ಅಷ್ಟಿಷ್ಟು ಬರುತ್ತದೆ. "ನನ್ನ ಕಾರು ನೀನು, ನಿನ್ನ ಕಾರು ನಾನು. ಹಿಂದೆ, ಹಿಂದೆ" ಎಂದು ಕೀಲಿಕೈ ನನ್ನ ಅಂಗೈಗೆ ಒತ್ತಿದಳು. ನೋಡನೋಡುತ್ತ ಎಲ್ಲರೂ ಹಾಗೇ ಮಾಡಿದರು. ಎದುರಿನವರ ಕಾರಲ್ಲಿ ಕೂತು, ರಿವರ್ಸ್ ಹಾಕಿ, ಅವರು ನಮ್ಮೂರಿಗೆ, ನಾವು ಅವರೂರಿಗೆ. ಒಂದು ಗೀರೂ ಬೀಳಲಿಲ್ಲ. ಕತ್ತು ಮಾತ್ರ ಉಳುಕಿತು.

ತುಂಗಾ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. "ಎಂತ ಮಾರಾಯ್ತಿ, ರ‍್ಯಾಲಿಗೆ ಹಿಮ್ಮುಖ ಬರ್ಲಿಕ್ಕೆ ಯಾವಾಗ ಸುರು ಮಾಡಿದ್ದು?"

ಅಷ್ಟರಲ್ಲಿ ಸಂಜೆಯಾಗಿ ಗೇಟು ಬಿತ್ತು. ನಾವು ಅಲ್ಲಿ, ಅವರು ಇಲ್ಲಿ! ಸಾಲಿಮಾ ನಮ್ಮ ಮನೆಯಲ್ಲೇ ಉಳಿದು ಅಮ್ಮನಿಗೆ ಗೆಳತಿಯಾದಳಂತೆ. ನಾನು ಒಂದು ತಿಂಗಳು ಮಗುವನ್ನು ಕೆಳಗಿಳಿಸಲಿಲ್ಲ. ನಮ್ಮನ್ನು ವಾಪಸ್ ಕಳಿಸಲು ಗೇಟನ್ನು ಇನ್ನೊಮ್ಮೆ ತೆರೆಯಲೇಬೇಕಾಯಿತು. ಅವಸರದಲ್ಲಿ ಗೇಟಿನ ಸಾಹೇಬರು ಕಾರಿಗೆ ಒಬ್ಬರೇ ಎಂಬ ನಿಯಮವನ್ನು ಆದೇಶಕ್ಕೆ ಸೇರಿಸಲು ಮರೆತರು. ತುಂಗಾಳನ್ನೂ ಮಗುವನ್ನೂ ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಬಂದೆ. ಅಮ್ಮ ನನ್ನತ್ತ ತಿರುಗಿಯೂ ನೋಡಲಿಲ್ಲ. ಮಗುವನ್ನು ಎತ್ತಿಕೊಂಡು ಸೇತುವೆಯ ಮೇಲೆಯೇ ಕೂತುಬಿಟ್ಟಳು. ನನಗಂತೂ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಒಂದೇ ಕೋರಿಕೆ. ನಿಮ್ಮ ಕಾಲದಲ್ಲಿ ಎಲ್ಲರೂ ಕೈಯಲ್ಲೇ ಕಾರು ಓಡಿಸುತ್ತೀರಂತೆ. ನಿಮ್ಮ ಮಗಳಿಗೆ ರಿವರ್ಸ್ ಚೆನ್ನಾಗಿ ಕಲಿಸಿ, ಅವಳು ತನ್ನ ಮಗಳಿಗೆ ಕಲಿಸಲಿ. ಅದು ತಪ್ಪದೆ ನನ್ನವರೆಗೆ ಬರಬೇಕು. ಇಲ್ಲಿ ಅಮ್ಮ ಕಾಯುತ್ತಿರುತ್ತಾಳೆ.

ನಿಮ್ಮವಳು,
ಮಂದಾರೆ