ಕೊಳಲು ಕತ್ತರಿಸಿದರೆ ಮೂರು ವರ್ಷ

೧೪, ಮಂಗಳವಾರ

ಕಾನೂನು ಇಲಾಖೆಯಲ್ಲಿ ಇಪ್ಪತ್ತು ವರ್ಷ ಕರಡು ತಿದ್ದಿದ ನನ್ನಂಥ ಮಹಾಮೇಧಾವಿಯ ಮಾನ ಇಂದು ಅಡುಗೆಮನೆಯಲ್ಲಿ ಹರಾಜಾಯಿತು. ಹರಾಜು ಹಾಕಿದವಳು ಪಂಪ್‌ಹೌಸ್ ನೋಡಿಕೊಳ್ಳುವ ನನ್ನ ಹೆಂಡತಿ.

ಹಳೆಯ ಕಾಯ್ದೆ ಕಾಯುವುದು ಟೆಲಿಗ್ರಾಫ್ ಕಂಬವನ್ನು, ಊರಿಗೆ ನೀರು ಕೊಡುವ ಪೈಪನ್ನಲ್ಲ. ಹೋದ ತಿಂಗಳು ಅವಳೊಬ್ಬಳೇ ಪಾಳಿಯಲ್ಲಿದ್ದಾಗ ಪೈಪು ಕತ್ತರಿಸಿದ ಕಳ್ಳರು ಸಿಕ್ಕಿಬಿದ್ದರೂ ಮರುದಿನವೇ ಹೊರಬಂದರು. ಅದಕ್ಕೇ ಹೊಸ ತಿದ್ದುಪಡಿಯಲ್ಲಿ ಪೈಪನ್ನೂ ಸೇರಿಸಬೇಕೆಂದು ನಾನು ಹಟ ಹಿಡಿದೆ. ಸಂಜೆ ಕರಡನ್ನು ಹೆಮ್ಮೆಯಿಂದ ಅವಳ ಮುಂದಿಟ್ಟೆ.

“ರೀ, ‘ಕುಡಿಯುವ ನೀರಿನ ಕೊಳಲು ಕತ್ತರಿಸಿದವರಿಗೆ ಮೂರು ವರ್ಷ ಸಜೆ’ ಅಂತಿದೆ. ಕೊಳಲು ಕಾಯೋಕೆ ನಾನ್ಯಾಕೆ? ನಂಗೆ ಊದೋಕೂ ಬರಲ್ಲ!”

‘ಕೊಳವೆ’ ಎಂದು ಬರೆಯಹೊರಟ ಬೆರಳು ಸಂಗೀತಕ್ಕೆ ಒಲಿದುಬಿಟ್ಟಿದೆ! ಕರಡು ನಾಳೆ ಸದನಕ್ಕೆ ಹೋಗಬೇಕು. ಹಾಗೇ ಪಾಸಾಗಿದ್ದರೆ ಕಳ್ಳರ ವಕೀಲ ನಗುತ್ತಲೇ ಗೆಲ್ಲುತ್ತಿದ್ದ.

ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ, “ಅವತ್ತು ತುಂಬಾ ಹೆದರಿದ್ದೆ ಕಣ್ರೀ,” ಎಂದಳು. ಒಂದು ತಿಂಗಳು ನನ್ನಿಂದ ಮುಚ್ಚಿಟ್ಟಿದ್ದ ಮಾತು.

ತಿದ್ದಿದ್ದೇನೆ. ಮೂರು ಸಲ ಓದಿದ್ದೇನೆ. ಕಾಯ್ದೆ ಜಾರಿಯಾಗುವತನಕ ಅವಳ ಪಾಳಿಗೆ ಊಟದ ಡಬ್ಬಿಯ ನೆಪದಲ್ಲಿ ನಾನೇ ಹೋಗಿ ಕೂರುತ್ತೇನೆ. ಹೊತ್ತು ಹೋಗಲಿಕ್ಕೆ ಒಂದು ಕೊಳಲೂ ಜೊತೆಗಿರಲಿ.