ರೈನ್ ನದಿಯಲ್ಲಿ ಅದಲುಬದಲಾದ ಚೀಲ

ಬಾಸೆಲ್, ಆಗಸ್ಟ್ ೧೪

ಪ್ರೀತಿಯ ಅತ್ತಿಗೆ,

ಸೆಖೆಗಾಲ ಬಂತೆಂದರೆ ಇಲ್ಲಿ ನಾವೆಲ್ಲ ಕೆಲಸ ಮುಗಿಸಿ, ಬಟ್ಟೆಯನ್ನು ನೀರು ನುಗ್ಗದ ಚೀಲಕ್ಕೆ ತುರುಕಿ, ರೈನ್ ನದಿಯಲ್ಲಿ ತೇಲುತ್ತಲೇ ಮನೆ ಸೇರುತ್ತೇವೆ. ಚೀಲಗಳೆಲ್ಲ ಮೀನಿನಾಕಾರ, ಎಲ್ಲವೂ ಒಂದೇ ಥರ. ನಿನ್ನೆ ದಡ ಹತ್ತಿ ನನ್ನದನ್ನು ಬಿಚ್ಚಿದರೆ ಒಳಗೆ ಗಂಡಸರ ಕೋಟು, ಟೈ! ಅತ್ತ ನೋಡಿದರೆ ಮಹಡಿ ಮನೆಯ ಗೀಸಿನ್ ಅವರು ಒದ್ದೆ ಚಡ್ಡಿಯಲ್ಲಿ ನನ್ನ ಹಳದಿ ಚೂಡಿದಾರ ಹಿಡಿದು ನಿಂತಿದ್ದಾರೆ. ಆರು ವರ್ಷದಲ್ಲಿ ಮೆಟ್ಟಿಲ ಮೇಲೆ ನಮಸ್ಕಾರ ಬಿಟ್ಟು ಬೇರೆ ಮಾತಾಡಿದವರಲ್ಲ.

"ಇದು ನಂಗೆ ತೋಳಲ್ಲಿ ಬಿಗಿಯಾಗುತ್ತೆ ಮೇಡಂ," ಅಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸ್ವಲ್ಪ ನೆಗಡಿಯಾಗಿದೆ, ಗಾಬರಿಯಾಗಬೇಡಿ. ಅಗೋ, ಕೆಳಗೆ ಬೀದಿಯಿಂದ ಗೀಸಿನ್ ಅವರು ಕೂಗುತ್ತಿದ್ದಾರೆ: "ವಾರಿಜಾ, ಬರ್ತೀಯಾ? ನನ್ನ ಮೀನಿಗೆ ಕೆಂಪು ದಾರ ಕಟ್ಟಿದೀನಿ!"

ಹೊರಟೆ.

ನಿಮ್ಮ ವಾರಿಜಾ