ಅರ್ಧಕ್ಕೆ ಬಿಡಬೇಕಾದ ಲೆಕ್ಕ

14 ಸೆಪ್ಟೆಂಬರ್ 2003, ಭಾನುವಾರ
ಮೊಳಕಾಲ್ಮೂರು

ಇವತ್ತಿನ ಮಾದರಿ ಪರೀಕ್ಷೆಯಲ್ಲೂ ಅದೇ ಹಾಳು ‘ಮಾಹಿತಿ ಸಾಕೇ, ಸಾಲದೇ’ ಲೆಕ್ಕದಲ್ಲಿ ಮುಗ್ಗರಿಸಿದೆ. x ಐದಕ್ಕಿಂತ ದೊಡ್ಡದೇ ಎಂಬುದು ಪ್ರಶ್ನೆ; ಅದನ್ನು ತೀರ್ಮಾನಿಸಲು ಕೊಟ್ಟ ಎರಡು ಹೇಳಿಕೆಗಳಲ್ಲಿ ಯಾವುದು ಸಾಕು ಎಂದಷ್ಟೇ ಗುರುತಿಸಬೇಕು. ಒಂದನೇ ಹೇಳಿಕೆ, x ವರ್ಗ ಮೂವತ್ತಕ್ಕಿಂತ ಹೆಚ್ಚು. ಎರಡನೆಯದು, 5x + 4 ರ ವರ್ಗಮೂಲ ಏಳು. ಮೊದಲನೆಯದು ಸಾಲದು, x ಮೈನಸ್ ಕೂಡ ಆಗಬಹುದು. ಅಷ್ಟು ನನಗೂ ಗೊತ್ತು. ಎರಡನೆಯದರಲ್ಲಿ x ಗೆ ಒಂದೇ ಬೆಲೆ ಬರುತ್ತದೆ ಎಂದು ಕಂಡ ಕೂಡಲೇ ಗುರುತು ಹಾಕಿ ಮುಂದೆ ಹೋಗಬೇಕಿತ್ತು. ಹೋದೆನೇ? ಪ್ರತಿ ಲೆಕ್ಕವನ್ನೂ ಕೊನೆ ಮುಟ್ಟಿಸುತ್ತ ಬಂದವಳು ಇದನ್ನು ಭಾಗಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಹಿಂಬದಿಯ ಪುಟ ಮುಟ್ಟಲೇ ಇಲ್ಲ.

ಚಳ್ಳಕೆರೆ ಕೋಚಿಂಗಿನ ಅಮರೇಶ್ ಸರ್ ತಲೆ ಚಚ್ಚಿಕೊಂಡರು. "ಉತ್ತರ ಯಾರಮ್ಮ ಕೇಳಿದ್ರು? ಉತ್ತರ ಸಿಗ್ತೈತೋ ಇಲ್ವೋ, ಅಷ್ಟು ಹೇಳಿ ಎದ್ದು ಬಾ!"

ಎದ್ದು ಬರಬೇಕಂತೆ! ಮಗ್ಗದ ಮೇಲೆ ಸೀರೆಯ ಬುಟ್ಟಾ ಅರ್ಧ ಇದ್ದರೆ ಊಟಕ್ಕೆ ಕರೆದರೂ ಕದಲಬಾರದು ಎಂದು ಬೆಳೆಸಿದ ಮನೆ ಇದು. ಸಂಜೆ ಅವ್ವನಿಗೆ ಹೇಳಿದರೆ ಲಾಳಿ ನಿಲ್ಲಿಸದೆಯೇ ಅಂದಳು, "ಅರ್ಧಕ್ಕೆ ಬಿಡೋದ್ನ ಕಲ್ಸಾಕೆ ಮೇಷ್ಟ್ರು ಬೇರೆ ಬೇಕಾ?"

ಮುಂದಿನ ಭಾನುವಾರ ಪರೀಕ್ಷೆ. ಎರಡು ಸಲ ಬ್ಯಾಂಕ್ ಕೆಲಸ ಕೈತಪ್ಪಿದ್ದು ಇದೇ ಚಾಳಿಯಿಂದ. ಇವತ್ತಿಗೆ ಇದು ಮುಗಿಯಿತು. ಎರಡನೇ ಹೇಳಿಕೆಯೊಂದೇ ಸಾಕು. x ಎಷ್ಟಾದರೂ ಇರಲಿ, ನನಗೇನು? ಲೈಟ್ ಆರಿಸಿ ಮಲಗುತ್ತೇನೆ.

ಮಲಗಿದ್ದೆ. ಮತ್ತೆ ಎದ್ದು ಲೈಟ್ ಹಾಕಿದೆ.

ಒಂಬತ್ತು. x ಒಂಬತ್ತು.